ಘಟ್ಟದ ಕೆಳಗಿನ ಮೇಡಂ

ಅರಸೀಕೆರೆಗೆ ಬಂದ ವಾರದಲ್ಲೇ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಇಲ್ಲಿ ಮನೆಗಳನ್ನು ಎಂತಕ್ಕೆ ಹೀಗೆ ಒಂದಕ್ಕೊಂದು ಅಂಟಿಸಿ ಕಟ್ಟಿದ್ದಾರೆ? ಜಾಗ ಇಲ್ವಾ?"

ಜಾಗಕ್ಕೆ ನಮ್ಮಲ್ಲಿ ಬರವಿರಲಿಲ್ಲ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ರಾಗಿ ಹೊಲ, ತೆಂಗಿನ ತೋಟ, ಅದರಾಚೆ ಬೋಳು ಗುಡ್ಡ. ನಾನು ಗಣಿತದವಳು. ಹುಟ್ಟಿ ಬೆಳೆದದ್ದು ಹಳೇಬೀಡಿನ ಪಕ್ಕದ ಮಾದಿಹಳ್ಳಿಯಲ್ಲಿ. ಗೋಡೆಗೆ ಗೋಡೆ ಸೇರಿಸದೆಯೂ ಜನ ಮನೆ ಕಟ್ಟುತ್ತಾರೆಂಬುದು ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಏನೋ ಒಂದು ಹೇಳಬೇಕಲ್ಲ ಎಂದು, ಯಾರಿಗಾದರೂ ಕಷ್ಟ ಬಂದರೆ ಕೂಗಿದ್ದು ಪಕ್ಕದ ಮನೆಗೆ ಕೇಳಿಸಲಿ ಅಂತ ಇರಬೇಕು ಎಂದೆ. ಪಾಠ ಒಪ್ಪಿಸುವ ಹುಡುಗಿಯ ಉತ್ತರವನ್ನು ಕೇಳುವ ಹಾಗೆ ಕೇಳಿ, "ಸರಿ" ಎಂದರು.

ಅವರು ಈಗಿಲ್ಲ. ನಿವೃತ್ತಿಯಾದ ಮೇಲೆ ಘಟ್ಟ ಇಳಿದು ತಮ್ಮ ಊರಿಗೆ ಹೋಗಿದ್ದರು. ಅಲ್ಲೇ ತೀರಿಕೊಂಡರೆಂದು ಈಚೆಗೆ ಸುದ್ದಿ ಬಂತು. ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮ ಹೈಸ್ಕೂಲಿಗೆ ಸಮಾಜ ವಿಜ್ಞಾನಕ್ಕೆಂದು ಬಂದವರು ನಿವೃತ್ತಿಯವರೆಗೂ ಅಲ್ಲೇ ಇದ್ದರು. ನಾನೂ ಅದೇ ಶಾಲೆ, ಅದೇ ವಠಾರ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಇಟ್ಟಿಗೆ ಗೋಡೆ. ಇಷ್ಟಾಗಿಯೂ ಅವರ ಬದುಕಿನ ಪೂರ್ತಿ ಕತೆ ನನಗೆ ಗೊತ್ತೆಂದು ಹೇಳಲಾರೆ. ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಬಂದಾಗ ಅವರಿಗೆ ನಲವತ್ತು ದಾಟಿತ್ತು. ಎತ್ತರದ ಹೆಂಗಸು, ಬಿಗಿಯಾಗಿ ಕಟ್ಟಿದ ತುರುಬು, ಕೊರಳಲ್ಲಿ ತೆಳ್ಳಗಿನ ಒಂದು ಸರ. ನೆತ್ತಿಗೆ ಕೊಬ್ಬರಿ ಎಣ್ಣೆ ಹಚ್ಚುವುದು ನಮ್ಮಲ್ಲೂ ಉಂಟು, ಅವರು ಅದೇ ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತಿದ್ದರು. ಮೊದಲ ದಿನ ಆ ವಾಸನೆಗೆ ವಠಾರದ ಹೆಂಗಸರೆಲ್ಲ ಹೊರಗೆ ಬಂದು ನಿಂತಿದ್ದರು. ಶಾಲೆಯಲ್ಲಿ ಸಮಾಜದ ಮಿಸ್, ವಠಾರದಲ್ಲಿ 'ಘಟ್ಟದ ಕೆಳಗಿನ ಮೇಡಂ'. ಅದನ್ನು ಕೇಳಿ ಅವರು, ನಮ್ಮಲ್ಲಿ ನಿಮ್ಮನ್ನು 'ಘಟ್ಟದ ಮೇಲಿನವರು' ಅಂತಾರೆ, ಹಾಗಾಗಿ ಲೆಕ್ಕ ಸರಿಹೋಯಿತು ಎಂದಿದ್ದರು.

ಆ ವರ್ಷ ಅರಸೀಕೆರೆಯಲ್ಲಿ ಮೊದಲ ಮುಂಗಾರು ಮಳೆ ಬಿದ್ದಾಗ ನಾವೆಲ್ಲ ಸ್ಟಾಫ್ ರೂಮಿನ ಕಿಟಕಿ ಮುಚ್ಚಿ ಕೂತಿದ್ದೆವು. ಮಣ್ಣಿನ ವಾಸನೆ, ತಗಡಿನ ಮೇಲೆ ಸದ್ದು. ಅವರು ಕೊಡೆಯನ್ನು ಕುರ್ಚಿಗೆ ನೇತುಹಾಕಿ, ಅಂಗಳ ದಾಟಿ, ಆಚೆ ಕಟ್ಟಡದ ಒಂಬತ್ತನೇ ತರಗತಿಗೆ ನಡೆದುಹೋದರು. ನೆನೆದದ್ದು ಸೀರೆಯ ಅಂಚು ಮಾತ್ರ. ತಿರುಗಿ ಬಂದ ಮೇಲೆ, "ಇದಕ್ಕೆ ಕೊಡೆ ಎಂತಕ್ಕೆ ಮಾರಾಯ್ರೆ" ಎಂದು ಕೇಳಿದರು. ಅದೇ ಬಿಸಿಲಿಗೆ ಮಾತ್ರ ಕೊಡೆಯಿಲ್ಲದೆ ಹೊರಡುತ್ತಿರಲಿಲ್ಲ.

ಭೂಗೋಳವನ್ನು ಅವರಂತೆ ಪಾಠ ಮಾಡಿದವರನ್ನು ನಾನು ಕಂಡಿಲ್ಲ. ಮಳೆಯ ಹಂಚಿಕೆ ಹೇಳುವ ದಿನ ಒಂದು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ತರುತ್ತಿದ್ದರು. ಮೊದಲ ಬೆಂಚು ಕರಾವಳಿ, ಎರಡನೆಯದು ನದಿ ಕಣಿವೆಗಳು, ಮೂರನೆಯದು ಘಟ್ಟ. ಅಲ್ಲಿಂದ ಹಿಂದಕ್ಕೆ ಸಕಲೇಶಪುರ, ಬೇಲೂರು, ಹಳೇಬೀಡು, ಕೊನೆಯ ಬೆಂಚು ಅರಸೀಕೆರೆ. ಒದ್ದೆ ಬಟ್ಟೆಯನ್ನು ಹಿಂಡುತ್ತ ಮುಂದಿನಿಂದ ಹಿಂದಕ್ಕೆ ನಡೆಯುವರು. ಮೊದಲ ಬೆಂಚಿನವರ ಪುಸ್ತಕ ತೊಯ್ದು ತೊಪ್ಪೆ, ಘಟ್ಟದ ಬೆಂಚಿನವರ ಜಡೆಯಿಂದ ನೀರು. ಬೇಲೂರಿಗೆ ನಾಲ್ಕು ಹನಿ. ಅರಸೀಕೆರೆಗೆ ಬರುವ ಹೊತ್ತಿಗೆ ಎಷ್ಟು ತಿರುಚಿದರೂ ಏನೂ ಬೀಳುತ್ತಿರಲಿಲ್ಲ. "ನಮಗೆ ಬರ್ಲೇ ಇಲ್ಲ ಮಿಸ್" ಎಂದು ಹಿಂದಿನ ಬೆಂಚಿನವರು ದೂರಿದರೆ, ನಿಮ್ಮ ಅಜ್ಜನ ಕಾಲದಿಂದಲೂ ಇದೇ ದೂರು ಎಂದು ಹೇಳಿ ಬೋರ್ಡಿನ ಕಡೆ ತಿರುಗುತ್ತಿದ್ದರು.

ತೆಂಗಿನಕಾಯಿಯೂ ಅವರ ಪಾಠದ ಸಾಮಾನಾಗಿತ್ತು. ನಮ್ಮ ವಠಾರದ ಯಜಮಾನರಿಗೆ ಕೊಬ್ಬರಿ ವ್ಯಾಪಾರ. ಅವರ ತಾಯಿಯನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ದೊಡ್ಡಮ್ಮನ ಮನೆಯ ಅಟ್ಟದಲ್ಲಿ ಸಿಪ್ಪೆ ಸುಲಿಯದ ಕಾಯಿಗಳು ವರ್ಷವಿಡೀ ಬಿದ್ದಿರುತ್ತಿದ್ದವು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೂ ಅವುಗಳನ್ನು ಕೆಳಗಿಳಿಸುವ ಹಾಗಿಲ್ಲ. ಮೇಡಂಗೆ ಇದು ಬಹಳ ದೊಡ್ಡ ಸೋಜಿಗ. ಅವರ ಕಡೆ ಹಾಗೆ ಇಟ್ಟರೆ ಒಂದೋ ಕೊಳೆಯುತ್ತದೆ, ಇಲ್ಲವೇ ಮೊಳಕೆಯೊಡೆಯುತ್ತದೆ. ಅಲ್ಲಿ ಕಾಯಿ ಒಡೆದ ದಿನವೇ ಅರೆಯಬೇಕು. ದೊಡ್ಡಮ್ಮನ ಹತ್ತಿರ ಕೇಳಿ ತಮ್ಮ ಮನೆಯ ಅಟ್ಟಕ್ಕೂ ಒಂದಿಷ್ಟು ಕಾಯಿ ಹಾಕಿಸಿದರು. ಮುಂದಿನ ವರ್ಷ ಅದರಲ್ಲೊಂದನ್ನು ತರಗತಿಗೆ ಒಯ್ದು ಒಡೆದರು. ಬೆಳ್ಳಗಿನ ಉಂಡೆ ಕೊಬ್ಬರಿ ಕೈಗೆ ಬಂತು. "ನಿಮ್ಮ ಊರಿನ ಹವಾಮಾನ ಹೇಗಿದೆ ಅಂತ ಪುಸ್ತಕದಲ್ಲಿ ಹುಡುಕಬೇಡಿ. ನಿಮ್ಮಪ್ಪನ ಅಟ್ಟ ಹತ್ತಿ ನೋಡಿ," ಎಂದರಂತೆ. ಆ ಮಾತು ಮನೆಗಳಿಗೆ ಹೋಗಿ, ಕೊಬ್ಬರಿ ಮಂಡಿಯವರೆಲ್ಲ ಹೇಳಿಕೊಂಡು ನಕ್ಕರು.

ಪ್ರತಿ ವರ್ಷ ಬೇಲೂರು, ಹಳೇಬೀಡಿಗೆ ಶಾಲೆಯ ಪ್ರವಾಸ. ದೇವಸ್ಥಾನದ ಶಿಲ್ಪ ತೋರಿಸುವ ಕೆಲಸ ಕನ್ನಡ ಮೇಷ್ಟ್ರಿಗೆ ಬಿಟ್ಟು, ಇವರು ಹುಡುಗಿಯರನ್ನು ನೀರಿನ ಹತ್ತಿರ ಕರೆದೊಯ್ಯುತ್ತಿದ್ದರು. ಹಳೇಬೀಡಿನ ಕೆರೆ ಏರಿಯ ಮೇಲೆ ನಿಲ್ಲಿಸಿ, ಈ ಊರಿನ ಹಳೆಯ ಹೆಸರು ದೋರಸಮುದ್ರ, ನೀರು ಕಂಡ ಕೂಡಲೇ ಸಮುದ್ರ ಅಂತ ಹೆಸರಿಡುವವರು ನೀವು ಎಂದು ತಮಾಷೆ ಮಾಡುವರು. ಬೇಲೂರಿನಲ್ಲಿ ಯಗಚಿಯ ದಡದಲ್ಲಿ ಮಾತ್ರ ತಮಾಷೆಯಿಲ್ಲ. ಈ ನೀರು ಯಾವ ಸಮುದ್ರಕ್ಕೆ ಹೋಗುತ್ತದೆ ಎಂದು ಕೇಳುವರು. ಪಡುವಣ ಸಮುದ್ರವೇ ಹತ್ತಿರವೆಂದು ಎಲ್ಲರಿಗೂ ಗೊತ್ತು, ಎಲ್ಲ ಕೈಗಳೂ ಆ ಕಡೆಗೇ ತೋರುವವು. ಅವರು ಇಲ್ಲವೆಂದು ತಲೆಯಾಡಿಸಿ, ಹೇಮಾವತಿ ಸೇರಿ, ಕಾವೇರಿ ಸೇರಿ, ನಾಡನ್ನೆಲ್ಲ ಸುತ್ತಿ ಮೂಡಣ ಸಮುದ್ರಕ್ಕೆ ಹೋಗುವುದನ್ನು ವಿವರಿಸುವರು. "ಹತ್ತಿರ ಉಂಟು ಅಂತ ನೀರು ಆಚೆ ಹೋಗೂದಿಲ್ಲ. ಇಳಿಜಾರು ಇರುವಲ್ಲಿಗೆ ಹೋಗ್ತದೆ."

ವಠಾರದ ರೀತಿಗೆ ಅವರು ನಿಧಾನಕ್ಕೆ ಒಗ್ಗಿದರು. ನಮ್ಮಲ್ಲಿ ಬಾಗಿಲ ಮುಂದೆ ಹಾದವರು "ಊಟ ಆಯ್ತಾ, ಏನ್ ಸಾರು" ಎಂದು ಕೇಳದೆ ಹೋಗುವುದಿಲ್ಲ. ಮೊದಮೊದಲು ಅವರು ಸಾರಿನ ವಿವರವನ್ನೆಲ್ಲ ಕೊಡುತ್ತ ನಿಲ್ಲುತ್ತಿದ್ದರು. ಅದು ನಿಜವಾದ ಪ್ರಶ್ನೆಯಲ್ಲವೆಂದು ನಾನೇ ಹೇಳಿಕೊಟ್ಟೆ. ಹಗಲೆಲ್ಲ ಬಾಗಿಲು ತೆರೆದೇ ಇಡುತ್ತಿದ್ದರು. ಪಕ್ಕದ ಮನೆಯ ಮಗು ಅತ್ತರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ ನೋಡಿ ಬರುವರು. ಎತ್ತಿಕೊಳ್ಳುತ್ತಿರಲಿಲ್ಲ, ಹೊಸ್ತಿಲಲ್ಲಿ ನಿಂತು ಏನಾಯಿತೆಂದು ಕೇಳಿ ತಿರುಗಿ ಬರುವರು. ಜ್ವರವೆಂದು ತಿಳಿದರೆ ಮಾತ್ರ, ಆಸ್ಪತ್ರೆಗೆ ಹೊರಡುವವರೆಗೂ ಆ ಮನೆಯವರನ್ನು ಬಿಡುತ್ತಿರಲಿಲ್ಲ. ಮಾಮೂಲಿ ನೆಗಡಿ ಜ್ವರ ಕಣಮ್ಮ ಎಂದರೂ ಕೇಳದೆ ಆಟೋ ಕರೆಸಿದ್ದುಂಟು. ಕೆಲವರಿಗೆ ಇದು ಅತಿಯೆನ್ನಿಸುತ್ತಿತ್ತು.

ವರ್ಷಕ್ಕೊಮ್ಮೆ, ಅವರ ಕಡೆ ಕೊಯ್ಲು ಮುಗಿದ ಮೇಲೆ, ಒಬ್ಬರು ಬರುತ್ತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಕುಚ್ಚಲಕ್ಕಿಯ ಚೀಲ, ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬರುವ ರೈಲಿನಲ್ಲಿ ಬಂದು, ಜಗಲಿಯ ಮೇಲೆ ಕೂತು, ಊಟ ಮಾಡಿ, ತಿರುಗಿ ಹೋಗುವ ರೈಲಿಗೆ ಹೊರಟುಬಿಡುವರು. ಇಬ್ಬರೂ ಮಾತಾಡಿದರೆ ತುಳುವಿನಲ್ಲಿ, ಅದೂ ಕಡಿಮೆ. ಅಣ್ಣನೋ ತಮ್ಮನೋ ಇರಬೇಕೆಂದು ನಾವು ಅಂದುಕೊಂಡಿದ್ದೆವು. ಮೇಡಂಗೆ ಮದುವೆಯಾಗಿಲ್ಲ ಎಂದು ಕೆಲವರು, ಗಂಡ ಇಲ್ಲವೆಂದು ಕೆಲವರು. ಕೇಳಿದವರಿಗೆ ಅವರು ಕಷಾಯ ಮಾಡಿಕೊಟ್ಟು ಬೇರೆ ಮಾತು ತೆಗೆಯುತ್ತಿದ್ದರು. ದಶಕದ ನಡುವೆ ಆ ಮೀಟರ್ ಗೇಜ್ ಹಳಿಯನ್ನು ಅಗಲ ಮಾಡಲೆಂದು ಘಟ್ಟದ ರೈಲನ್ನು ನಿಲ್ಲಿಸಿದರು. ಆ ವರ್ಷ ಬರಲಾರರು ಎಂದುಕೊಂಡೆವು. ಹಾಸನದಲ್ಲಿ ಬಸ್ಸು ಬದಲಿಸಿ, ಅದೇ ಚೀಲ ಹೊತ್ತು ಬಂದರು.

ಹೊಸ ಶತಮಾನದ ಮೊದಲ ಜನಗಣತಿಯಲ್ಲಿ ನನಗೆ ನಮ್ಮ ಬೀದಿಯೇ ಬಿತ್ತು. ಅವರಿಗೆ ಬಿದ್ದದ್ದು ಊರಾಚೆಯ ಒಂದು ಹಳ್ಳಿ. ಅವರು ಅಲ್ಲಿನ ಕೆಲಸ ಮುಗಿಸಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹಾಳೆ ಹಿಡಿದು ಹೋದೆ. ಇಬ್ಬರಿಗೂ ಪ್ರಶ್ನೆಗಳೆಲ್ಲ ಬಾಯಿಪಾಠ. ಕಷಾಯದ ಲೋಟ ಮುಂದಿಟ್ಟು ಎದುರಿಗೆ ಕೂತರು.

ಹೆಸರು, ವಯಸ್ಸು ಆಯಿತು. ಮುಂದಿನದಕ್ಕೆ ನಾನೇ, "ಮದುವೆ ಇಲ್ಲ ಅಂತ ಬರ್ಕೊಳ್ಳಲಾ?" ಎಂದೆ.

"ಆಗಿದೆ," ಎಂದರು. "ಗಂಡ ಇದ್ದಾರೆ. ನೀವು ನೋಡಿದ್ದೀರಿ. ಅಕ್ಕಿ ತರ್ತಾರಲ್ಲ."

ನಾನು ಬರೆದುಕೊಂಡೆ. ಹುಟ್ಟಿದ ಊರು ಹೇಳಿದರು. ಊರು ಬಿಟ್ಟು ಇಲ್ಲಿಗೆ ಬಂದ ಕಾರಣ ಎನ್ನುವ ಪ್ರಶ್ನೆ ಬಂತು. ಕೆಲಸ ಎಂದು ಗುರುತು ಹಾಕಲು ಹೋದವಳನ್ನು ತಡೆದರು.

"ಕೆಲಸ ಅಲ್ಲೂ ಇತ್ತು. ಇತರೆ ಅಂತ ಬರೀರಿ."

ಕೊನೆಗೆ ಹುಟ್ಟಿದ ಮಕ್ಕಳು, ಬದುಕಿರುವ ಮಕ್ಕಳು ಎನ್ನುವ ಸಾಲು. ಅದು ಬರುವುದು ಅವರಿಗೂ ಗೊತ್ತಿತ್ತು. "ಹುಟ್ಟಿದ್ದು ಒಂದು ಹೆಣ್ಣು. ಈಗ ಇಲ್ಲ," ಎಂದರು. ಆಮೇಲೆ, ಜನಗಣತಿಗೆ ಸುಳ್ಳು ಹೇಳಬಾರದೆಂದು ವರ್ಷ ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ತಾನೇ ಹೇಗೆ ಹೇಳುವುದು ಎಂದು ಸ್ವಲ್ಪ ನಕ್ಕರು. ಉಳಿದದ್ದನ್ನು ನಾನು ಕೇಳಲಿಲ್ಲ. ಅವರಾಗಿ ಹೇಳಿದರು, ನಕಾಶೆ ಬರೆದು ತೋರಿಸುವವರ ಹಾಗೆ, ಒಂದೊಂದೇ ಜಾಗ ಗುರುತಿಸುತ್ತ.

ಅವರದ್ದು ಸಮುದ್ರಕ್ಕೆ ಇಳಿಯುವ ಒಂದು ಹೊಳೆಯ ಕಣಿವೆ. ಅಲ್ಲಿ ನಮ್ಮ ಹಾಗೆ ಊರೆಂದು ಒಂದು ಕಡೆ ಮನೆಗಳ ಗುಂಪಿರುವುದಿಲ್ಲ. ಗುಡ್ಡದ ಬದಿಗೊಂದು ಮನೆ, ಗದ್ದೆಯ ತಲೆಗೊಂದು ಮನೆ. ಒಂದು ಮನೆಯವರು ಕೂ ಹಾಕಿದರೆ ಇನ್ನೊಂದು ಮನೆಗೆ ಕೇಳಿಸಬಹುದು, ಮಳೆಗಾಲದಲ್ಲಿ ಅದೂ ಇಲ್ಲ. ತವರುಮನೆ ಮತ್ತು ಶಾಲೆ ಹೊಳೆಯ ಈಚೆ ದಡದಲ್ಲಿ, ಗಂಡನ ಮನೆ ಆಚೆ ದಡದಲ್ಲಿ. ಬೇಸಿಗೆಯಲ್ಲಿ ದಿನಾ ದೋಣಿಯಲ್ಲಿ ದಾಟಿ ಶಾಲೆಗೆ ಬರುವರು. ಮಳೆ ಹಿಡಿದರೆ ದೋಣಿ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ಇವರು ತವರಲ್ಲಿದ್ದು ಶಾಲೆಗೆ ಹೋಗುವುದು, ಮಗು ಅಪ್ಪ ಮತ್ತು ಅಜ್ಜಿಯ ಜೊತೆ ಆಚೆ ದಡದಲ್ಲಿ. ಹೊಳೆ ಇಳಿದ ವಾರ ಹೋಗಿ ನೋಡಿ ಬರುವುದು. ಕಣಿವೆಯ ಎಷ್ಟೋ ಮನೆಗಳಲ್ಲಿ ಹಾಗೇ ನಡೆಯುತ್ತಿತ್ತು, ಯಾರೂ ಅದನ್ನೊಂದು ಕಷ್ಟವೆಂದು ಎಣಿಸುತ್ತಿರಲಿಲ್ಲ.

ಮಗುವಿಗೆ ನಾಲ್ಕು ವರ್ಷವಾಗಿದ್ದ ಮಳೆಗಾಲದಲ್ಲಿ ಜ್ವರ ಬಂತು. ಡಾಕ್ಟರು ಇದ್ದದ್ದು ಈಚೆ ದಡದ ಪೇಟೆಯಲ್ಲಿ. ಗಂಡ ಮಗುವನ್ನು ಕಂಬಳಿಯಲ್ಲಿ ಸುತ್ತಿ ದೋಣಿ ನಿಲ್ಲುವ ಕಡವಿಗೆ ಇಳಿದು ಬಂದು ಕೂಗಿದರು. ಈಚೆ ಗದ್ದೆಯಲ್ಲಿದ್ದವರು ಯಾರೋ ಕಂಡು ಶಾಲೆಗೆ ಓಡಿಬಂದು ಹೇಳಿದರು. ಇವರು ದಡಕ್ಕೆ ಹೋಗುವ ಹೊತ್ತಿಗೆ ಮಧ್ಯಾಹ್ನ. ನಡುವೆ ಕೆಂಪು ನೀರು, ಬುಡ ಸಮೇತ ಬರುವ ಮರಗಳು. ದೋಣಿಯವನು ಎರಡು ಸಲ ನೀರಿಗಿಳಿಸಿ ನೋಡಿ ಹಗ್ಗ ಕಟ್ಟಿಬಿಟ್ಟ. ಅವನದ್ದು ತಪ್ಪಿಲ್ಲ ಎಂದು ಈ ಜಾಗದಲ್ಲಿ ಮೇಡಂ ನಿಲ್ಲಿಸಿ ಹೇಳಿದರು. ಕೂಗಿದ್ದು ಒಂದೂ ಕೇಳಿಸುತ್ತಿರಲಿಲ್ಲ, ಆದರೆ ಕಾಣುತ್ತಿತ್ತು. ಅವರು ಆ ಕಡೆ ನಿಂತಿದ್ದರು, ಇವರು ಈ ಕಡೆ. ಹೊತ್ತು ಇಳಿಯುವಾಗ ಗಂಡ ಒಮ್ಮೆ ಕಂಬಳಿ ಸರಿಸಿ ನೋಡಿದರು. ಆಮೇಲೆ ತಿರುಗಿ, ಅವಸರವಿಲ್ಲದೆ, ಮನೆಯ ದಾರಿ ಹತ್ತಿದರು.

"ಆ ನಡಿಗೆಯಲ್ಲೇ ನನಗೆ ಗೊತ್ತಾಯ್ತು," ಎಂದರು.

ಇಬ್ಬರೂ ಜಗಳ ಮಾಡಲಿಲ್ಲ. ಅವರು ಯಾರನ್ನೂ ದೂರಲಿಲ್ಲ, ಇವರೂ ದೂರಲಿಲ್ಲ. ಆದರೆ ಮನೆಯೊಳಗೆ ಎದುರಿಗೆ ಕೂತು ಉಣ್ಣುವಾಗಲೂ ಗಂಡ ಆಚೆ ದಡದಲ್ಲೇ ನಿಂತ ಹಾಗೆ ಕಾಣುತ್ತಿದ್ದರಂತೆ. ಅವರಿಗೆ ಭೂಮಿ ಬಿಟ್ಟು ಬರಲಾಗದು, ಇವರಿಗೆ ಅಲ್ಲಿರಲಾಗದು. ಕೊನೆಗೆ ಮೇಡಂ ಭೂಪಟ ಬಿಡಿಸಿ ಹೊಳೆಯಿಲ್ಲದ ಊರು ಯಾವುದೆಂದು ಹುಡುಕಿದರು. ಕರಾವಳಿಯಿಂದ ಅರಸೀಕೆರೆಗೆ ವರ್ಗ ಕೇಳಿದ ಅರ್ಜಿ ನೋಡಿ, ಊರಿನ ಹೆಸರು ತಪ್ಪಾಗಿ ಬರೆದಿದ್ದೀರಾ ಎಂದು ಕಚೇರಿಯ ಗುಮಾಸ್ತರು ಎರಡು ಬಾರಿ ಕೇಳಿದ್ದರಂತೆ.

ಇಷ್ಟು ಹೇಳಿ ಮೇಡಂ ಎದ್ದರು. ಕಷಾಯ ಆರಿದೆ, ಬಿಸಿ ಮಾಡುತ್ತೇನೆ ಎಂದು ಲೋಟ ತೆಗೆದುಕೊಂಡು ಒಳಗೆ ಹೋದರು.

ನಾನು ಯಾರಿಗೂ ಹೇಳಲಿಲ್ಲ. ಆದರೆ ಮುಂದಿನ ಸಲ ಅಕ್ಕಿ ಚೀಲ ಬಂದಾಗ ಮೇಡಂ ತಾವಾಗಿ ದೊಡ್ಡಮ್ಮನನ್ನು ಕರೆದು, ಇವರು ನಮ್ಮ ಮನೆಯವರು ಎಂದು ಪರಿಚಯ ಮಾಡಿಸಿದರು. ದೊಡ್ಡಮ್ಮ ಎಲೆಯಡಿಕೆ ಮೆಲ್ಲುತ್ತ ಹೇಳಿದ್ದು ನನಗೆ ಈಗಲೂ ನೆನಪಿದೆ.

"ಅದ್ ನಂಗೆ ಗೊತ್ತೈತೆ ಬಿಡವ್ವ. ಅಣ್ಣ ತಮ್ಮ ಬಂದಿದ್ರೆ ಇಷ್ಟೊತ್ಗೆ ನೀನು ಒಂದ್ಸಲನಾದ್ರೂ ಬೈದಿರ್ತಿದ್ದೆ. ಈವಯ್ಯನ್ನ ನೀನು ಒಂದಿನಾನೂ ಬೈಲಿಲ್ಲ."

ಮೇಡಂ ಅವರ ಯಜಮಾನರಿಗೆ ಈ ಮಾತು ಪೂರ್ತಿ ಅರ್ಥವಾಗಲಿಲ್ಲ. ಮೇಡಂ ತುಳುವಿನಲ್ಲಿ ಹೇಳಿದರು. ಆ ದಿನ ಅವರು ಸಂಜೆಯ ಬಸ್ಸಿಗೆ ಹೊರಡಲಿಲ್ಲ, ಮರುದಿನ ಹೋದರು. ಅಲ್ಲಿಂದ ಮುಂದೆ ವರ್ಷಕ್ಕೆ ಎರಡು ಮೂರು ಸಲವೂ ಬರತೊಡಗಿದರು. ವಠಾರದ ಹಿತ್ತಲಲ್ಲಿ ಬಸಳೆ ಚಪ್ಪರ ಹಾಕಿಕೊಟ್ಟರು. ನಮ್ಮ ಬಿಸಿಲಿಗೆ ಅದು ಸೊರಗಿದರೂ ದೊಡ್ಡಮ್ಮ ಕೊಡ ಕೊಡ ನೀರು ಹೊಯ್ದು ಉಳಿಸಿಕೊಂಡಳು.

ಒಂದು ಬೇಸಿಗೆಯಲ್ಲಿ ಬಂದವರು, ಕಡವಿನ ಹತ್ತಿರ ಬಸ್ಸು ಹೋಗುವಂಥ ಸೇತುವೆ ಆಗಿದೆ ಎಂದು ಸುದ್ದಿ ತಂದರು. ಒಮ್ಮೆ ಬಂದು ನೋಡಿಹೋಗು ಎಂದು ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ಹೆಂಡತಿಯನ್ನು ಕೇಳಿದ್ದರು. ಮಳೆ ಹಿಡಿಯುವ ಮುಂಚೆ ಬಂದರೆ ಒಳ್ಳೆಯದೆಂದೂ ಹೇಳಿದ್ದರು. ಮೇಡಂ ಆ ಬೇಸಿಗೆ ಹೋಗಲಿಲ್ಲ. ಆಷಾಢ ಬಂದು, ಘಟ್ಟದಲ್ಲಿ ಮಳೆ ಜೋರೆಂದು ಪೇಪರಿನಲ್ಲಿ ಬರತೊಡಗಿದ ಮೇಲೆ ಒಂದು ದಿನ ಸ್ಟಾಫ್ ರೂಮಿನಲ್ಲಿ, "ಶನಿವಾರ ನನ್ನ ಜೊತೆ ಬರ್ತೀರಾ?" ಎಂದು ಕೇಳಿದರು. ನಿವೃತ್ತಿಯ ನಂತರ ಅವರು ಹೋಗಿ ನೆಲೆಸಿದ್ದು ಆಚೆ ದಡದ ಆ ಮನೆಯಲ್ಲೇ. ಅದಕ್ಕೆ ದಾರಿಯಾದದ್ದು ಈ ಪ್ರಯಾಣವೆಂದು ನನ್ನ ಎಣಿಕೆ.

ಸಕಲೇಶಪುರ ದಾಟಿ ಘಟ್ಟ ಇಳಿಯುವವರೆಗೂ ಅವರು ಮಾತಾಡುತ್ತಲೇ ಇದ್ದರು. ಪಾಠದ ಬೆಂಚುಗಳನ್ನು ಹಿಂದಿನಿಂದ ಮುಂದಕ್ಕೆ ದಾಟಿ ಬಂದ ಹಾಗಿತ್ತು ನನಗೆ. ಕೆಳಗಿಳಿದ ಮೇಲೆ ಬಸ್ಸು ಬದಲಿಸಿದೆವು. ಕಿಟಕಿಗೆ ಇಳಿಬಿಟ್ಟ ಟಾರ್ಪಾಲಿನ ಸಂದಿಯಲ್ಲಿ ನೋಡಿದರೆ ತೆಂಗು, ಗೇರು, ಮೆಟ್ಟಿಲು ಮೆಟ್ಟಿಲಾದ ಗದ್ದೆ, ಎಲ್ಲೋ ಒಂದು ಹೆಂಚಿನ ಮಾಡು, ಮತ್ತೆ ಹಸಿರು. ಎಷ್ಟೋ ಹೊತ್ತು ಹೀಗೇ ಹೋದ ಮೇಲೆ, ಊರು ಯಾವಾಗ ಬರುತ್ತದೆ ಎಂದು ಕೇಳಿದೆ.

"ಊರಿನ ಒಳಗೇ ಹೋಗ್ತಾ ಇದ್ದೇವೆ ಮಾರಾಯ್ರೆ. ಇದೇ ಊರು. ಎಣಿಸಿದರೆ ನಿಮ್ಮಲ್ಲಿಗಿಂತ ಇಲ್ಲಿ ಜನ ಹೆಚ್ಚುಂಟು, ಕಾಣೂದಿಲ್ಲ ಅಷ್ಟೆ."

ಇನ್ನೂ ಸ್ವಲ್ಪ ದೂರ ಹೋದ ಮೇಲೆ ರಸ್ತೆ ಇಳಿಜಾರಾಯಿತು. ಅವರು ಟಾರ್ಪಾಲನ್ನು ಪೂರ್ತಿ ಮೇಲಕ್ಕೆತ್ತಿ ಕಟ್ಟಿದರು. ಮಳೆ ಒಳಗೆ ಹೊಡೆಯಿತು, ಮುಂದಿನ ಸೀಟಿನವರು ತಿರುಗಿ ನೋಡಿದರು. ಹೊಳೆ ದಡ ತುಂಬಿ ಹರಿಯುತ್ತಿತ್ತು, ಅವರು ಹೇಳಿದ ಅದೇ ಕೆಂಪು ನೀರು. ಕಂಡಕ್ಟರು ಹಿಂದಿನವರಿಗೆ ಟಿಕೆಟು ಹರಿದು ಕೊಡುವಷ್ಟರಲ್ಲಿ ಬಸ್ಸು ಸೇತುವೆ ದಾಟಿ ಆಚೆ ದಡದ ಅಂಗಡಿಯ ಮುಂದೆ ನಿಂತಿತು. ಇಳಿಯಬೇಕೆಂದು ನಾನೇ ಅವರ ತೋಳು ಮುಟ್ಟಿ ಹೇಳಬೇಕಾಯಿತು.

ಅವರ ಯಜಮಾನರು ದೊಡ್ಡ ಕೊಡೆ ಹಿಡಿದು ಕಾಯುತ್ತಿದ್ದರು. ಮನೆಗೆ ನಡೆಯೋಣ ಎಂದರು. ಮೇಡಂ ನನ್ನನ್ನು ಅಂಗಡಿಯ ಮಾಡಿನಡಿ ನಿಲ್ಲಲು ಹೇಳಿ, ಬಂದ ದಾರಿಯಲ್ಲೇ ಸೇತುವೆಯ ಕಡೆ ಹೊರಟರು. ಅವರೂ ಕೊಡೆ ಹಿಡಿದು ಜೊತೆಗೆ ಹೋದರು. ನಡುವಿನವರೆಗೆ ಹೋಗಿ ಇಬ್ಬರೂ ನಿಂತರು. ಈ ದಡ ನೋಡಿದರು, ಆ ದಡ ನೋಡಿದರು. ಮೇಡಂ ಏನೋ ಕೇಳಿದ್ದು, ಅವರು ಏನೋ ಉತ್ತರ ಕೊಟ್ಟದ್ದು ಕಂಡಿತು. ಆಮೇಲೆ ಅವರು ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿ ಹೆಂಡತಿಯ ಕೈ ಹಿಡಿದುಕೊಂಡರು. ಹಾಗೇ ಹಿಂದಿರುಗಿ ಬಂದರು.

ಮಧ್ಯಾಹ್ನ ಊಟವಾದ ಮೇಲೆ, ಯಜಮಾನರು ಗದ್ದೆಯ ಕಡೆ ಹೋದಾಗ, ಸೇತುವೆಯ ಮೇಲೆ ಏನು ಕೇಳಿದಿರಿ ಎಂದು ನಾನು ವಿಚಾರಿಸಿದೆ.

"ಸೇತುವೆ ಕಟ್ಟಲಿಕ್ಕೆ ಹೊಳೆಯನ್ನು ಕಿರಿದು ಮಾಡಿದ್ದಾರಾ ಅಂತ ಕೇಳಿದೆ."

"ಏನಂದ್ರು?"

"ಇಲ್ಲ, ಮೊದಲೂ ಇಷ್ಟೇ ಅಗಲ ಇತ್ತು ಅಂದ್ರು."